ಥೈರಾಯ್ಡ್ ನಾರ್ಮಲ್ ಬಂದರೂ ಕಣ್ಣು ಉಬ್ಬುತ್ತಲೇ ಇದೆ, ಯಾಕೆ?

ಬಸವನಗುಡಿ_ಓದುಗ:
ಗ್ರೇವ್ಸ್ ಕಾಯಿಲೆ (ದೇಹದ ರಕ್ಷಣಾ ವ್ಯವಸ್ಥೆಯೇ ಥೈರಾಯ್ಡನ್ನು ಕೆರಳಿಸೋದು), ಹಾರ್ಮೋನ್ ತಗ್ಗಿಸುವ ಕಾರ್ಬಿಮಜೋಲ್ ಗುಳಿಗೆ ನಡೀತಿದೆ. ಟಿಎಸ್‌ಎಚ್, ಟಿ4 (ಥೈರಾಯ್ಡ್ ರಕ್ತಪರೀಕ್ಷೆಗಳು) ಸರಿಹೋಗಿವೆ. ಆದರೂ ಬೆಳಿಗ್ಗೆ ರೆಪ್ಪೆ ಊದಿರುತ್ತೆ, ಮೇಲೆ ನೋಡಿದರೆ ಎರಡೆರಡು ಕಾಣುತ್ತೆ. ಥೈರಾಯ್ಡನ್ನು ವಿಕಿರಣದಿಂದ ಕುಗ್ಗಿಸುವ ರೇಡಿಯೋ ಅಯೋಡಿನ್ ತಗೊಳ್ಳಿ ಅಂತ ಡಾಕ್ಟರ್ ಅಂತಿದ್ದಾರೆ. ತಗೋಬಹುದಾ?

ಗ್ರಂಥಿ_ಗಮನ:
ಸದ್ಯಕ್ಕೆ ಬೇಡವಾ ಅಂತ ಡಾಕ್ಟರನ್ನು ಕೇಳಿ ನೋಡಿ. ಕಣ್ಣಿಗೆ ಉರಿ ಹಚ್ಚಿರೋದು ಹಾರ್ಮೋನ್ ಅಲ್ಲ, ಟಿಎಸ್‌ಎಚ್ ರಿಸೆಪ್ಟರ್ ಮೇಲೆ ಕೂರುವ ಆ್ಯಂಟಿಬಾಡಿ. ಆ ರಿಸೆಪ್ಟರ್ (ಜೀವಕೋಶದ ಮೇಲಿನ ಗ್ರಾಹಿ) ಕಣ್ಣುಗುಳಿಯ ಅಂಗಾಂಶ ಕೋಶಗಳಾದ ಫೈಬ್ರೋಬ್ಲಾಸ್ಟ್‌ಗಳಲ್ಲೂ ಇದೆ. ಅವು ಕೆರಳಿದರೆ ಹಯಲುರೊನಾನ್ ಎಂಬ ಅಂಟುದ್ರವ್ಯ ಸುರಿಸುತ್ತವೆ, ಅದು ನೀರು ಹಿಡಿದು ಸ್ನಾಯು, ಕೊಬ್ಬು ಊದುತ್ತೆ. ಸುತ್ತ ಮೂಳೆ, ಹಾಗಾಗಿ ಗುಡ್ಡೆ ಮುಂದಕ್ಕೇ ಬರಬೇಕು. ಕೆಳಗಿನ ಸ್ನಾಯು ಬಿಗಿದಾಗ ಮೇಲೆ ನೋಡೋದು ಕಷ್ಟ.

ರೇಡಿಯೋ ಅಯೋಡಿನ್ ಆದಮೇಲೆ ಆ್ಯಂಟಿಬಾಡಿ ತಿಂಗಳುಗಟ್ಟಲೆ ಏರುತ್ತೆ. ಕಣ್ಣು ಕೆಂಪಾಗಿ ಊದಿರುವಾಗ ಗುಳಿಗೆಯಲ್ಲೇ ಮುಂದುವರಿಯೋದು ಕ್ಷೇಮ. ಸೌಮ್ಯ ಕಾಯಿಲೆ ಇದ್ದು, ಕೊಡಲೇಬೇಕಾದರೆ ಜೊತೆಗೆ ಪ್ರೆಡ್ನಿಸೊಲೋನ್ ಅನ್ನೋ ಸ್ಟಿರಾಯ್ಡ್, ದೇಹತೂಕದ ಕೆಜಿಗೆ 0.3ರಿಂದ 0.5 ಮಿಗ್ರಾಂ, ಮೂರು ತಿಂಗಳಲ್ಲಿ ಇಳಿಸುತ್ತಾ. ಆಮೇಲೆ ಟಿಎಸ್‌ಎಚ್ ಏರಲು ಬಿಟ್ಟರೂ ಕಣ್ಣು ಕೆಡುತ್ತೆ, ಕುಗ್ಗಿದ ಥೈರಾಯ್ಡಿನ ಕೊರತೆ ತುಂಬುವ ಥೈರಾಕ್ಸಿನ್ ಗುಳಿಗೆ ತಡ ಮಾಡಬಾರದು. ಸಿಗರೇಟಿದ್ದರೆ ಬಿಡಿ: ಕಾಯಿಲೆ ಹೆಚ್ಚುತ್ತೆ, ಔಷಧಿಯೂ ಸರಿಯಾಗಿ ಹತ್ತಲ್ಲ.

ಕಣ್ಣುಗುಳಿ:
ಮೊದಲು ಸಿಎಎಸ್ ಅಂಕ (ಕಣ್ಣಿನ ನೋವು, ಕೆಂಪು, ಊತ ನೋಡಿ ಕೊಡುವ ಅಂಕ) ಹಾಕಿಸಿ. 7ಕ್ಕೆ 3 ಅಥವಾ ಹೆಚ್ಚು ಬಂದರೆ ಉರಿಯೂತ ಚುರುಕಾಗಿದೆ ಅಂತ. ಸೌಮ್ಯವಾಗಿದ್ದರೆ ಸೆಲೆನಿಯಂ 100 ಮೈಕ್ರೋಗ್ರಾಂ ದಿನಕ್ಕೆರಡು ಸಲ, ಆರು ತಿಂಗಳು. ನಿಮಗೆ ಎರಡೆರಡು ಕಾಣ್ತಿದೆ, ಅದನ್ನು ಸೌಮ್ಯ ಅನ್ನೋಕಾಗಲ್ಲ. ಸಾಮಾನ್ಯವಾಗಿ ಮಿಥೈಲ್‌ಪ್ರೆಡ್ನಿಸೊಲೋನ್ ಡ್ರಿಪ್: ವಾರಕ್ಕೆ 500 ಮಿಗ್ರಾಂ ಆರು ವಾರ, ಆಮೇಲೆ 250 ಆರು ವಾರ. ಮುಂಚೆ ಸಕ್ಕರೆ, ಬಿಪಿ, ಲಿವರ್, ಹೆಪಟೈಟಿಸ್ ಬಿ ಪರೀಕ್ಷೆ ಬಿಡಬೇಡಿ. ಡೋಸ್ ಹೆಚ್ಚಾದರೆ ಲಿವರ್‌ಗೇ ಪೆಟ್ಟು, ಒಟ್ಟು 8 ಗ್ರಾಂ ದಾಟಬಾರದು.

ಆಪರೇಷನ್ನಿಗೆ ಆತುರ ಬೇಡ. ಆರು ತಿಂಗಳು ಕಣ್ಣು ತಣ್ಣಗಿರಬೇಕು, ಆಮೇಲೆ ಮೊದಲು ಗುಳಿ ಸಡಿಲಿಸೋದು, ನಂತರ ಮೆಳ್ಳೆಗಣ್ಣು, ಕೊನೆಗೆ ರೆಪ್ಪೆ. ತಿರುಗುಮುರುಗು ಮಾಡಿದರೆ ಮುಂದಿನದು ಹಿಂದಿನದನ್ನು ಕೆಡಿಸುತ್ತೆ.

ಬಸವನಗುಡಿ_ಓದುಗ:
ಇದಕ್ಕೆ ಟೆಪ್ರೊಟುಮುಮಾಬ್ ಅನ್ನೋ ಔಷಧಿ ಹೇಗೆ?

ಕಣ್ಣುಗುಳಿ:
ಅಮೆರಿಕದಲ್ಲಿ 2020ರಲ್ಲಿ ಒಪ್ಪಿಗೆ ಸಿಕ್ಕಿತು. ಮೂರು ವಾರಕ್ಕೊಂದರಂತೆ ಎಂಟು ಡ್ರಿಪ್. ಉಬ್ಬು ನಿಜಕ್ಕೂ ಇಳಿಸುತ್ತೆ, ಸ್ಟಿರಾಯ್ಡ್‌ಗೆ ಅದು ಅಷ್ಟಾಗಿ ಆಗಲ್ಲ. ಆದರೆ ಕಿವಿ ಮಂದವಾಗಬಹುದು, ಸಕ್ಕರೆ ಏರಬಹುದು, ಬೆಲೆಯಂತೂ ಕೇಳಲೇಬೇಡಿ.

ವಿಲ್ಸನ್_ಗಾರ್ಡನ್:
ದಿನದ ವಿಷಯ ಯಾರೂ ಹೇಳಲಿಲ್ಲ. ಪ್ರಿಸರ್ವೇಟಿವ್ ಇಲ್ಲದ ಕಣ್ಣೀರ ಡ್ರಾಪ್ಸ್ ಹಗಲಿಗೆ, ಜೆಲ್ ರಾತ್ರಿಗೆ, ತಲೆದಿಂಬು ಎತ್ತರ. ಸದ್ಯಕ್ಕೆ ಎರಡನ್ನು ಒಂದಾಗಿ ಕಾಣಿಸಲು ಕನ್ನಡಕಕ್ಕೆ ಅಂಟಿಸುವ ಫ್ರೆನೆಲ್ ಪ್ರಿಸಮ್ ಹಾಳೆ ಸಾಕು, ನಂಬರ್ ಬದಲಾಗ್ತಿರುತ್ತೆ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಎರಡೆರಡು ಕಾಣುವ ಕಣ್ಣಲ್ಲಿ ಸ್ಕೂಟರ್ ಓಡಿಸಬೇಡಿ.

ವಾರಕ್ಕೆರಡು ಸಲ ಒಂದೊಂದೇ ಕಣ್ಣು ಮುಚ್ಚಿ ಕೆಂಪು ಬಾಟಲಿ ಮುಚ್ಚಳ ನೋಡಿ. ಒಂದು ಕಣ್ಣಿಗೆ ಮಾಸಲು ಕಂಡರೆ ಊತ ದೃಷ್ಟಿಯ ನರವನ್ನು ಒತ್ತುತ್ತಿರಬಹುದು. ಅದೇ ದಿನ ಮಿಂಟೋ ಅಥವಾ ಹತ್ತಿರದ ದೊಡ್ಡ ಕಣ್ಣಾಸ್ಪತ್ರೆ, ಕನ್ನಡಕದ ಅಂಗಡಿ ಅಲ್ಲ.