ತಾಜಾ ಬಂಗಡೆಗೂ ನೀಲಿ ಬರ್ತಿದೆ, ಚಿನ್ನದ ದ್ರಾವಣ ಕೆಟ್ಟಿದೆಯಾ?

ಬಂಗಡೆ_ಲ್ಯಾಬ್ (ಕಾರವಾರ)
ಎಂ.ಎಸ್ಸಿ. ಕೊನೆ ವರ್ಷದ ಪ್ರಾಜೆಕ್ಟ್. ಹಾಳಾದ ಬಂಗಡೆಯಲ್ಲಿ ಹಿಸ್ಟಮಿನ್ (ಮೀನು ಕೆಡುವಾಗ ಹುಟ್ಟುವ, ತಿಂದರೆ ಅಲರ್ಜಿಯಂಥ ತೊಂದರೆ ಕೊಡುವ ವಸ್ತು) ಇದೆಯಾ ಅಂತ ಚಿನ್ನದ ನ್ಯಾನೋ ಕಣಗಳ ಬಣ್ಣ ನೋಡಿ ಹೇಳಬೇಕು. ಕುದಿಯುವ ಕ್ಲೋರೋಆರಿಕ್ ಆಮ್ಲಕ್ಕೆ ಸಿಟ್ರೇಟ್ ಹಾಕುವ ಟರ್ಕೆವಿಚ್ ವಿಧಾನದಲ್ಲಿ ದ್ರಾವಣ ಮಾಡಿದ್ದೇನೆ. ಮುರುಗಲು ಪಾನಕದ ಹಾಗೆ ಕೆಂಪಗಿದೆ, ಬೆಳಕನ್ನು ಅತಿ ಹೆಚ್ಚು ಹೀರುವ ಪೀಕ್ 521 ನ್ಯಾನೋಮೀಟರ್.

ಆರು ತಾಸು ಹೊರಗಿಟ್ಟ ಬಂಗಡೆಯ ರಸ ಹಾಕಿದರೆ ನೀಲಿ. ಸರಿ. ಆದರೆ ಬೆಳಿಗ್ಗೆ ಬೈತಖೋಲದಲ್ಲಿ ದೋಣಿಯಿಂದ ಇಳಿಸಿದ ಮೀನಿಗೂ ಅದೇ ನೀಲಿ! 5 ಗ್ರಾಂ ಮೀನು ಅರೆದು, 50 ಎಂಎಲ್ ನೀರಲ್ಲಿ ಕಲಸಿ, ಸೋಸಿ ಹಾಕ್ತಿದ್ದೇನೆ. ಮೂರು ಸಲ ಮಾಡಿದೆ, ಮೂರು ಸಲವೂ ಹೀಗೇ. ಅಮ್ಮ ಬೇರೆ ‘ಮೀನು ತಂದಿದ್ದು ಸಾರಿಗೋ ನಿನ್ನ ಬಾಟಲಿಗೋ’ ಅಂತ ಕೇಳ್ತಿದ್ದಾರೆ.

ಘಟ್ಟದ_ಮೇಲೆ (ಶಿರಸಿ)
ದ್ರಾವಣ ಕೆಟ್ಟಿಲ್ಲ. ಕೆಟ್ಟಿದ್ದರೆ ಬಾಟಲಿಯಲ್ಲೇ ಬಣ್ಣ ತಿರುಗಿ ತಳದಲ್ಲಿ ಕಪ್ಪಗೆ ಕೂತಿರುತ್ತಿತ್ತು. ಮೀನು ಹಾಕದೆ ಬರೀ ನೀರು ಹಾಕಿ ನೋಡಿದ್ದೀರಾ? ಅರೆಯೋಕೆ ಯಾವ ನೀರು?

ಬಂಗಡೆ_ಲ್ಯಾಬ್
ನೋಡಿಲ್ಲ ಸರ್. ದ್ರಾವಣಕ್ಕೆ ಡಿಸ್ಟಿಲ್ಡ್ ನೀರು, ಅರೆಯೋಕೆ ಮನೆ ಬಾವಿ ನೀರು. ಕುಡಿಯೋ ನೀರೇ ಅಲ್ವಾ ಅಂದುಕೊಂಡೆ.

ಕುಮಟಾ_ಕಲರಿಮೀಟರ್
ಏಪ್ರಿಲ್ ತಿಂಗಳಲ್ಲಿ ಕಡಲಂಚಿನ ಬಾವಿ ನೀರಾ? ಅದರಲ್ಲಿ ಚಾ ಮಾಡಿದರೇ ಒಡೆದ ಹಾಗೆ ರುಚಿ ಬರುತ್ತೆ ಮಾರಾಯ್ರೆ!

ಘಟ್ಟದ_ಮೇಲೆ
ಅಲ್ಲೇ ಇದೆ ಎಡವಟ್ಟು. ಪ್ರತಿ ಕಣದ ಮೈಮೇಲೂ ಸಿಟ್ರೇಟಿನ ಋಣ ಚಾರ್ಜ್ ಇರುತ್ತೆ, ಅದಕ್ಕೇ ಕಣಗಳು ಒಂದನ್ನೊಂದು ದೂರ ತಳ್ಳುತ್ತವೆ. ಹಿಸ್ಟಮಿನ್ ಬಂದು ಚಿನ್ನಕ್ಕೆ ಅಂಟಿದರೆ ಕಣಗಳು ಗುಂಪಾಗುತ್ತವೆ. ಒತ್ತಿಕೊಂಡು ನಿಂತ ಕಣಗಳ ಎಲೆಕ್ಟ್ರಾನುಗಳು ಜೊತೆಯಾಗಿ ತೂಗುತ್ತವೆ, ಆಗ 520ರ ಹತ್ತಿರ ಹೀರುತ್ತಿದ್ದ ಬೆಳಕು 650ರ ಕಡೆ ಸರಿಯುತ್ತೆ. ಕಣ್ಣಿಗೆ ನೀಲಿ.

ಉಪ್ಪು ಮಾಡೋದೂ ಇದನ್ನೇ. ಚಾರ್ಜನ್ನು ಮರೆಮಾಡುತ್ತೆ, ಕಣಗಳು ಗುಂಪಾಗುತ್ತವೆ. ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಇದ್ದರಂತೂ ಇನ್ನೂ ಕಡಿಮೆ ಸಾಕು. ಮೈಕೆಲ್ ಫ್ಯಾರಡೆ 1857ರಲ್ಲೇ ಇದನ್ನು ಬರೆದಿದ್ದಾನೆ: ಕೆಂಪು ಚಿನ್ನದ ದ್ರಾವಣಕ್ಕೆ ಉಪ್ಪು ಬಿದ್ದರೆ ನೀಲಿ. ನಿಮ್ಮ ಸೆನ್ಸರ್ ಸದ್ಯಕ್ಕೆ ಬಂಗಡೆಯನ್ನಲ್ಲ, ಬಾವಿಯನ್ನು ಅಳೀತಿದೆ.

ಮೂರು ಟ್ಯೂಬ್ ಇಡಿ. ಒಂದಕ್ಕೆ ಡಿಸ್ಟಿಲ್ಡ್ ನೀರು, ಇನ್ನೊಂದಕ್ಕೆ ಬಾವಿ ನೀರು, ಮೂರನೆಯದಕ್ಕೆ ಡಿಸ್ಟಿಲ್ಡ್ ನೀರಲ್ಲಿ ಅರೆದ ತಾಜಾ ಮೀನಿನ ರಸ. ಹತ್ತು ನಿಮಿಷ ಬಿಟ್ಟು ನೋಡಿ.

ಬಂಗಡೆ_ಲ್ಯಾಬ್
ಮಾಡಿದೆ. ಡಿಸ್ಟಿಲ್ಡ್ ಕೆಂಪಗೇ ಇದೆ. ಬಾವಿ ನೀರು ಕಣ್ಣೆದುರೇ ನೇರಳೆಯಾಗಿ ನೀಲಿಯಾಯ್ತು, ನಾಚಿಕೆ ಆಯ್ತು. ಆದರೆ ಮೂರನೆಯದೂ ಪೂರ್ತಿ ಕೆಂಪಗಿಲ್ಲ, ನೇರಳೆ ಹಣ್ಣು ತಿಂದ ನಾಲಿಗೆ ಬಣ್ಣ.

ಘಟ್ಟದ_ಮೇಲೆ
ಮೀನಿನ ಮಾಂಸದಲ್ಲೂ ಉಪ್ಪಿದೆಯಲ್ಲ. ರಸವನ್ನು ಇನ್ನೂ ಹತ್ತು ಪಟ್ಟು ತೆಳು ಮಾಡಿ.

ಬಂಗಡೆ_ಲ್ಯಾಬ್
ಹಾಗೆ ಮಾಡಿದರೆ ಹಿಸ್ಟಮಿನ್ನೂ ಕಡಿಮೆ ಆಗಲ್ವಾ? ಪ್ಲಾಸ್ಮಾನಿಕ್ ಸೆನ್ಸರ್ (ಹೀಗೆ ಲೋಹದ ಕಣಗಳ ಬೆಳಕಿನಾಟ ನೋಡಿ ಹೇಳುವಂಥದ್ದು) ಅಂದರೆ ಒಂದೇ ಒಂದು ಅಣು ಕೂಡ ಹಿಡಿಯುತ್ತೆ ಅಂತ ಓದಿದ್ದೆ. ಅದಕ್ಕೇ ಆದಷ್ಟು ಗಟ್ಟಿಯಾಗಿ ಹಾಕ್ತಿದ್ದೆ.

ಘಟ್ಟದ_ಮೇಲೆ
ಒಂದೇ ಅಣುವಿನ ಕಥೆ ಬೇರೆ. ಅದು 1997ರಲ್ಲಿ ಬೆಳ್ಳಿಯ ಕಣಗಳ ಮೇಲೆ ಬಣ್ಣದ ಅಣು ಕೂರಿಸಿ, ಲೇಸರ್ ಬಿಟ್ಟು, ಅಣು ಚದುರಿಸಿದ ಬೆಳಕಿನ ರಾಮನ್ ಸಿಗ್ನಲ್ ನೋಡಿದ್ದು. ನಿಮ್ಮದು ಕಣ್ಣಲ್ಲಿ ನೋಡೋ ಕೆಲಸ, ಅಷ್ಟು ಆಳಕ್ಕೆ ಇಳಿಯೋ ಅಗತ್ಯವೇ ಇಲ್ಲ. ಲೆಕ್ಕ ಹಾಕಿ. ಕೋಡೆಕ್ಸ್ (ಅಂತಾರಾಷ್ಟ್ರೀಯ ಆಹಾರ ಮಾನದಂಡ) ಪ್ರಕಾರ ಹಿಸ್ಟಮಿನ್ ಮಿತಿ ಕೆಜಿ ಮೀನಿಗೆ 200 ಮಿಲಿಗ್ರಾಂ. 5 ಗ್ರಾಂ ಮೀನಲ್ಲಿ 1 ಮಿಲಿಗ್ರಾಂ ಆಯ್ತು. 50 ಎಂಎಲ್‌ಗೆ ಹಾಕಿ ಮತ್ತೆ ಹತ್ತು ಪಟ್ಟು ತೆಳು ಮಾಡಿದರೂ ಲೀಟರಿಗೆ 2 ಮಿಲಿಗ್ರಾಂ, ಅಂದರೆ ಸುಮಾರು 18 ಮೈಕ್ರೋಮೋಲಾರ್ ಉಳಿಯುತ್ತೆ. ಈ ಕಣಗಳಿಗೆ ಅಷ್ಟು ಸಿಕ್ಕರೆ ಕೆಲಸ ನಡೆಯುತ್ತೆ.

ಇನ್ನೊಂದು ಮಾತು. ಪ್ರೋಟೀನ್ ತೆಗೆಯೋಕೆ ಅಂತ ಆಮ್ಲ ಹಾಕಬೇಡಿ. ಆಮ್ಲ ಬಿದ್ದರೆ ಸಿಟ್ರೇಟ್ ಚಾರ್ಜ್ ಬಿಟ್ಟುಕೊಡುತ್ತೆ, ಮತ್ತೆ ಸುಳ್ಳು ನೀಲಿ. ರಸವನ್ನು ಸುಮ್ನೆ ಕುದಿಸಿ ಸೋಸಿ. ಪ್ರೋಟೀನ್ ಗಟ್ಟಿಯಾಗಿ ಮೇಲೆ ಉಳಿಯುತ್ತೆ, ಹಿಸ್ಟಮಿನ್ ಕುದಿಗೆ ಜಗ್ಗಲ್ಲ.

ಕುಮಟಾ_ಕಲರಿಮೀಟರ್
ಹಾಳಾದ ಬಂಗಡೆಯನ್ನು ಚೆನ್ನಾಗಿ ಹುರಿದರೆ ಸರಿಹೋಗುತ್ತೆ ಅನ್ನೋರಿಗೂ ಇದನ್ನು ಹೇಳಿ. ಮೀನನ್ನು ಮೊದಲೇ ಐಸಿಗೆ ಹಾಕಬೇಕು, ಹಿಸ್ಟಮಿನ್ ಹುಟ್ಟಿದ ಮೇಲೆ ಏನು ಮಾಡಿದರೂ ಹೋಗಲ್ಲ.

ಘಟ್ಟದ_ಮೇಲೆ
ಹೌದು. ಕೊನೆಗೆ, ತಾಜಾ ಮೀನಿನ ತೆಳು ರಸಕ್ಕೆ ಗೊತ್ತಿರುವಷ್ಟು ಹಿಸ್ಟಮಿನ್ ನೀವೇ ಬೆರೆಸಿ ನೋಡಿ. ಅದು ನೀಲಿಯಾಗಿ, ಬೆರೆಸದ್ದು ಕೆಂಪಗೇ ಉಳಿದರೆ ಮಾತ್ರ ಗೈಡ್ ಹತ್ತಿರ ಹೋಗಿ.

ಬಂಗಡೆ_ಲ್ಯಾಬ್
ಎರಡು ದಿನ ತಗೊಂಡೆ. ಕುದಿಸಿ, ಸೋಸಿ, ತೆಳು ಮಾಡಿದ ತಾಜಾ ರಸ ಕೆಂಪು. ಅದಕ್ಕೇ ಹಿಸ್ಟಮಿನ್ ಬೆರೆಸಿದರೆ ನೀಲಿ. ಹೊರಗಿಟ್ಟ ಮೀನೂ ನೀಲಿ. ಒಂದೇ ಒಂದು ತಾಜಾ ಮೀನು ಮಾತ್ರ ನಸು ನೇರಳೆ ತೋರಿಸಿತು. ವಿಚಾರಿಸಿದರೆ, ಮಾರೋ ಅಕ್ಕ ಅದನ್ನು ಸಮುದ್ರದ ನೀರಲ್ಲೇ ತೊಳೆದು ಬುಟ್ಟಿಗೆ ಹಾಕಿದ್ದರಂತೆ. ಈಗ ಅರೆಯೋ ಮೊದಲು ಮೀನನ್ನೂ ಡಿಸ್ಟಿಲ್ಡ್ ನೀರಲ್ಲಿ ಎರಡು ಸಲ ತೊಳೀತಿದ್ದೇನೆ.