‘ಮೈಕೊರೈಜಾ’ಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ಶರಣು.

ಗಿಡದ ಬೇರೂ ಶಿಲೀಂಧ್ರವೂ ಬೆಸೆದು ಒಂದಕ್ಕೊಂದು ನೆರವಾಗುವುದಕ್ಕೆ ‘ಮೈಕೊರೈಜಾ’ ಎನ್ನುತ್ತಾರೆ. ಕಲಬುರಗಿಯ ಡಿಗ್ರಿ ಹುಡುಗರಿಗಾಗಿ ಅದರ ಬೆನ್ನುಹತ್ತಿದ ವಿಜ್ಞಾನಿ ಬಾರ್ಬರಾ ಮೊಸ್ಸೆ ಅವರ ಮೇಲೆ ಒಂದು ಬರಹ ಮಾಡುತ್ತಿದ್ದೇನೆ. ಇಂಗ್ಲೆಂಡಿನ ಈಸ್ಟ್ ಮಾಲಿಂಗ್‌ನಲ್ಲಿ ಸ್ಟ್ರಾಬೆರಿ ಬೇರಿನ ಶಿಲೀಂಧ್ರದ ಬೆನ್ನುಹತ್ತಿ 1953ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದವರು. ಮುಂದೆ ಅಲ್ಲಿನ ರೋಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲೂ ಅದೇ ಕೆಲಸ. ಅವರ ಹೆಸರಿನ ಶಿಲೀಂಧ್ರವೊಂದು ಎಂಡೊಗೋನ್, ಗ್ಲೋಮಸ್, ಫನೆಲಿಫಾರ್ಮಿಸ್ ಎಂದು ಕುಲ ಬದಲಿಸುತ್ತ ಬಂದರೂ ‘ಮೊಸ್ಸೆಯೆ’ ಅನ್ನುವುದನ್ನು ಬಿಟ್ಟಿಲ್ಲ.

ಕರಡನ್ನು ತೊಗರಿ ಬೆಳೆಯುವ ನಮ್ಮ ಕಾಕಾನಿಗೆ ಓದಿ ಹೇಳಿದೆ. ‘ಶಿಲೀಂಧ್ರದ ಸೋಂಕು ತಗುಲಿದ ಬೇರು ಹೆಚ್ಚು ರಂಜಕ ಹೀರುತ್ತದೆ’ ಎಂಬಲ್ಲಿಗೆ ತಡೆದರು: “ಬೇರಿಗಿ ಶಿಲೀಂಧ್ರ ಹತ್ತ್ಯದಂದ್ರ ಅದು ನೆಟೆ ರೋಗ. ಗಿಡ ಒಣಗ್ತದ, ಬೆಳೀತದೇನು?” ತಪ್ಪು ಅವರದಲ್ಲ. ನೆಟೆ ಕೂಡ ಶಿಲೀಂಧ್ರದ್ದೇ. ಅದನ್ನು ತಡೆಯಲು ಬೀಜಕ್ಕೆ ಸವರುವ ಟ್ರೈಕೋಡರ್ಮಾನೂ ಶಿಲೀಂಧ್ರವೇ, ಆದರೆ ಅದನ್ನು ಯಾರೂ ಹಾಗೆ ಕರೆಯುವುದಿಲ್ಲ!

‘ಸೋಂಕು’ ನಾನು ಕಟ್ಟಿದ್ದಲ್ಲ, ಮೊಸ್ಸೆ ಕಾಲದವರ ‘ಇನ್ಫೆಕ್ಷನ್’. ಆಮೇಲಿನವರು ‘ಕಾಲೊನೈಸೇಷನ್’ ಅಂದರು. ಅದನ್ನು ‘ವಸಾಹತು’ ಮಾಡಿದರೆ ಬ್ರಿಟಿಷರು ನೆನಪಾಗುತ್ತಾರೆ. ‘ನೆಲೆಯೂರು’ ಸಾಕೆನಿಸುತ್ತದೆ.

ಹೆಸರಿನದು ಬೇರೆ ತೊಡಕು. 1885ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ಫ್ರಾಂಕ್ ಗ್ರೀಕಿನ ಅಣಬೆ, ಬೇರು ಎರಡನ್ನೂ ಕೂಡಿಸಿ ‘ಮೈಕೊರೈಜಾ’ ಕಟ್ಟಿದ. ಅದು ಶಿಲೀಂಧ್ರದ ಹೆಸರೂ ಅಲ್ಲ, ಬರೀ ಬೇರಿನದೂ ಅಲ್ಲ, ಎರಡೂ ಬೆಸೆದು ಆದ ಅಂಗದ್ದು. ‘ಬೇರುಶಿಲೀಂಧ್ರ’ ಎಂದರೆ ಶಿಲೀಂಧ್ರವಷ್ಟೇ ಉಳಿಯುತ್ತದೆ. ‘ಅಣಬೆಬೇರು’ ಕಿವಿಗೆ ಹಿತ, ಆದರೆ ಮೊಸ್ಸೆ ನೋಡಿದ ಜಾತಿಗಳು ಅಣಬೆ ಬಿಡುವುದೇ ಇಲ್ಲ. ಅಂಗಡಿಯಲ್ಲಿ ‘ವ್ಯಾಮ್’ (VAM) ಎಂದರೆ ಈ ಶಿಲೀಂಧ್ರದ ಪುಡಿ ಕೊಡುತ್ತಾರೆ. ಆ ಹೆಸರಿನೊಳಗಿನ ‘ವಿ’ ಅಂದರೆ ವೆಸಿಕ್ಯುಲರ್, ಬೇರಿನೊಳಗೆ ಶಿಲೀಂಧ್ರ ಕಟ್ಟುವ ಪುಟ್ಟ ಚೀಲಗಳುಳ್ಳದ್ದು. ಎಲ್ಲ ಜಾತಿಗಳಲ್ಲೂ ಆ ಚೀಲಗಳು ಇರುವುದಿಲ್ಲವೆಂದು ವಿಜ್ಞಾನಿಗಳು ‘ವಿ’ಯನ್ನು ಎಂದೋ ಕೈಬಿಟ್ಟರು. ‘ಸಹಜೀವನ’ವನ್ನಂತೂ ಪತ್ರಿಕೆಗಳು ಮದುವೆಯಾಗದೆ ಕೂಡಿರುವವರಿಗೆ ಕೊಟ್ಟುಬಿಟ್ಟಿವೆ.

ಗಿಡ ಸಕ್ಕರೆ ಕೊಡುತ್ತದೆ, ಶಿಲೀಂಧ್ರ ಬೇರಿನ ಕೈಗೆಟುಕದ ಮಣ್ಣಿನಿಂದ ರಂಜಕ ತಂದುಕೊಡುತ್ತದೆ. ಇದನ್ನು ಹೇಳಿದಾಗ ಕಾಕಾ, “ಹಂಗಂದ್ರ ಪಾಲಿಗಿ ಹೊಲ ಮಾಡ್ದಂಗ” ಅಂದರು. ಅಂದಿನಿಂದ ‘ಪಾಲುಬೇರು’ ತಲೆಯಲ್ಲಿ ಕೂತಿದೆ. ಶಿಲೀಂಧ್ರದ ಸುಳಿವೇ ಇಲ್ಲವಲ್ಲ ಅನ್ನುವ ಅಳುಕೂ ಇದೆ. ಹಳೇ ಮೈಸೂರಿನ ಕಡೆ ಪಾಲಿಗೆ ‘ವಾರ’ ಎನ್ನುತ್ತಾರಲ್ಲ, ಅಲ್ಲಿಯವರಿಗೆ ಈ ಪದ ಅರ್ಥವಾಗುತ್ತದೆಯೇ? ಅಥವಾ ನಿಮ್ಮಲ್ಲಿ ಇದಕ್ಕಿಂತ ಒಳ್ಳೆಯದು ಏನಾದರೂ ಇದೆಯೇ?