ಎಲ್ಲವನ್ನೂ ಒಂದೇ ಬೀಕರಿಗೆ ಸುರಿದವರು ಇಲ್ಲಿ ಯಾರಿದ್ದೀರಿ?

ಹಳೆಯ ಪ್ರನಾಳ (ಪ್ರಶ್ನೆ):

ವ್ಯಂಗ್ಯಚಿತ್ರಗಳ ಹುಚ್ಚು ವಿಜ್ಞಾನಿಗೆ ಒಂದು ಖಾಯಂ ವೇಷವಿದೆ: ಕೆದರಿದ ಕೂದಲು, ಅಲ್ಲಲ್ಲಿ ಸುಟ್ಟ ಬಿಳಿ ಕೋಟು, ಕೈಯಲ್ಲಿ ಹಸಿರು ದ್ರವ ಉಕ್ಕುವ ಗಾಜಿನ ಪಾತ್ರೆ, ಜೊತೆಗೆ ಕಾರಣವಿಲ್ಲದ ಅಟ್ಟಹಾಸ. ನನ್ನ ಹತ್ತನೆಯ ವಯಸ್ಸಿನಲ್ಲಿ ರಸಾಯನ ಪ್ರಯೋಗಗಳ ಪೆಟ್ಟಿಗೆಯೊಂದು ಉಡುಗೊರೆಯಾಗಿ ಬಂದಾಗ ಆ ಅಟ್ಟಹಾಸವನ್ನು ಚೆನ್ನಾಗಿ ಅಭ್ಯಾಸ ಮಾಡಿಕೊಂಡಿದ್ದೆ. ಕೈಪಿಡಿಯನ್ನು ಮಾತ್ರ ಓದಿರಲಿಲ್ಲ. ಅಪ್ಪನ ಬಿಳಿ ಅಂಗಿಯನ್ನು ಕೋಟಿನಂತೆ ತೊಟ್ಟು, ಮೈಲುತುತ್ತ, ಕಬ್ಬಿಣದ ಲವಣ, ಪೊಟ್ಯಾಸಿಯಂ ಪರ್ಮಾಂಗನೇಟ್, ವಾಷಿಂಗ್ ಸೋಡಾ, ಟಾರ್ಟಾರಿಕ್ ಆಮ್ಲ ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಒಂದೇ ಬೀಕರಿಗೆ ಸುರಿದೆ. ಜಗತ್ತನ್ನು ಆಳುವ ದ್ರಾವಣ ಸಿದ್ಧವಾಗಬೇಕಿತ್ತು. ಬುಸ್ಸೆಂದು ನೊರೆ ಎದ್ದು, ಕೆಸರಿನಂಥ ಕಂದು ರಾಡಿ ಉಳಿಯಿತು. ಇದೇ ಪ್ರಯೋಗ ಮಾಡಿದ ಗೆಳೆಯರಿಗೂ ಕಂದು ರಾಡಿಯೇ ಸಿಕ್ಕಿತ್ತಂತೆ. ಅಷ್ಟು ಬಣ್ಣಗಳು ಸೇರಿದರೂ ಕಂದೇ ಏಕೆ? ಸಿನಿಮಾದವರಿಗೆ ಮಾತ್ರ ಕುದಿಯುವ ಹಸಿರು ಹೇಗೆ ಒಲಿಯುತ್ತದೆ?

ಲಿಟ್ಮಸ್ ಕಾಗದ:

ತಮ್ಮ ಸಾಮಗ್ರಿಗಳ ಪಟ್ಟಿಯಲ್ಲಿಯೇ ಉತ್ತರವಿದೆ. ನೊರೆಗೆ ಕಾರಣ ಸೋಡಾ ಮತ್ತು ಆಮ್ಲ ಸೇರಿ ಬಿಡುಗಡೆಯಾದ ಇಂಗಾಲದ ಡೈಆಕ್ಸೈಡ್. ಸೋಡಾದಿಂದ ದ್ರಾವಣ ಪ್ರತ್ಯಾಮ್ಲೀಯವಾದಾಗ ಕಬ್ಬಿಣದ ಲವಣವು ಹೈಡ್ರಾಕ್ಸೈಡ್ ಆಗಿ, ನೀರಿನಲ್ಲಿ ಕರಗದ ಗಸಿಯಂತೆ ಬೇರ್ಪಡುತ್ತದೆ. ಗಾಳಿಯ ಆಮ್ಲಜನಕವೂ ಕೈಜೋಡಿಸಿದರೆ ಅದು ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ. ಇನ್ನು ಪರ್ಮಾಂಗನೇಟಿನ ಸೊಗಸಾದ ನೇರಳೆ, ಕಬ್ಬಿಣದ ಲವಣಕ್ಕೋ ಟಾರ್ಟಾರಿಕ್ ಆಮ್ಲಕ್ಕೋ ತನ್ನ ಆಮ್ಲಜನಕವನ್ನು ಬಿಟ್ಟುಕೊಟ್ಟು, ಮ್ಯಾಂಗನೀಸ್ ಡೈಆಕ್ಸೈಡ್ ಎಂಬ ಗಾಢ ಕಂದು ಪುಡಿಯಾಗಿ ತಳ ಸೇರುತ್ತದೆ. ಮೈಲುತುತ್ತದ ನೀಲಿ ಈ ಗದ್ದಲದಲ್ಲಿ ಕಾಣುವುದೇ ಇಲ್ಲ, ಏಕೆಂದರೆ ಬೇರೆ ಬೇರೆ ವರ್ಣದ್ರವ್ಯಗಳು ಬೆರೆತಷ್ಟೂ ಅವು ಹೀರುವ ಬೆಳಕು ಹೆಚ್ಚುತ್ತದೆ, ಕಣ್ಣಿಗೆ ಮರಳುವ ಬೆಳಕು ಕಡಿಮೆಯಾಗುತ್ತದೆ. ಅದೃಷ್ಟವಶಾತ್ ತಮ್ಮ ಪೆಟ್ಟಿಗೆಯಲ್ಲಿ ಗ್ಲಿಸರಿನ್ ಇರಲಿಲ್ಲವೆಂದು ತೋರುತ್ತದೆ. ಒಣ ಪರ್ಮಾಂಗನೇಟಿನ ಮೇಲೆ ಅದು ಬಿದ್ದರೆ ತುಸು ಹೊತ್ತು ಸುಮ್ಮನಿದ್ದು, ತಾನಾಗಿಯೇ ಹೊತ್ತಿ ಉರಿಯುತ್ತದೆ; ಆಗ ಕೂದಲು ಕೆದರಲು ಬಾಚಣಿಗೆಯ ಅಗತ್ಯವಿರುತ್ತಿರಲಿಲ್ಲ.

ಬೆಳ್ಳಿತೆರೆ:

ಸಿನಿಮಾದ ಕುದಿತ ಬಹುಪಾಲು ಡ್ರೈ ಐಸಿನ ಕೆಲಸ. ಘನರೂಪದ ಇಂಗಾಲದ ಡೈಆಕ್ಸೈಡ್ ಮೈನಸ್ 78.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ದ್ರವವಾಗದೆ ನೇರವಾಗಿ ಅನಿಲವಾಗುವುದರಿಂದ, ಬಣ್ಣದ ನೀರಿಗೆ ಒಂದು ತುಂಡು ಹಾಕಿದರೆ ಸಾಕು, ಒಲೆಯಿಲ್ಲದೆ ಕುದಿತ ಸಿದ್ಧ. ಪಾತ್ರೆಯ ಅಂಚಿನಿಂದ ಇಳಿಯುವ ಬಿಳಿ ಹೊಗೆಯೂ ಹೊಗೆಯಲ್ಲ, ತಣಿದ ನೀರಿನ ಸೂಕ್ಷ್ಮ ಹನಿಗಳು.

ಗಂಧಕದ ಗೆಳತಿ:

ನಿಜವಾದ ರಸಾಯನಜ್ಞರ ಮುಂದೆ ಈ ವೇಷಧಾರಿಗಳು ತೀರಾ ಸಭ್ಯರು. 1669ರಲ್ಲಿ ಹ್ಯಾಂಬರ್ಗ್‌ನ ಹೆನ್ನಿಗ್ ಬ್ರಾಂಡ್ ಚಿನ್ನ ಮಾಡುವ ಆಸೆಯಿಂದ ಮೂತ್ರವನ್ನು ಬೃಹತ್ ಪ್ರಮಾಣದಲ್ಲಿ ಕೂಡಿಟ್ಟು ಬತ್ತಿಸಿದ; ಸಿಕ್ಕಿದ್ದು ಕತ್ತಲಲ್ಲಿ ಹೊಳೆಯುವ ರಂಜಕ. ಅವನ ನೆರೆಮನೆಯವರ ಸಹನೆಯ ಬಗ್ಗೆ ಯಾರಾದರೂ ಬರೆಯಬೇಕು. ಆಮ್ಲಜನಕವನ್ನು ಕಂಡುಹಿಡಿದವರಲ್ಲಿ ಒಬ್ಬನಾದ ಷೀಲೆ ತಾನು ತಯಾರಿಸಿದ ವಸ್ತುಗಳನ್ನು ನಾಲಿಗೆಗೆ ತಾಗಿಸಿ ನೋಡುತ್ತಿದ್ದ, ಹೈಡ್ರೋಜನ್ ಸಯನೈಡಿನ ರುಚಿಯನ್ನೂ ದಾಖಲಿಸಿದ. 1786ರಲ್ಲಿ 43ನೆಯ ವಯಸ್ಸಿಗೇ ತೀರಿಕೊಂಡ. ಆದರೆ ತಮ್ಮ ರಾಡಿಗೆ ಸಮಾಧಾನ ಹೇಳಬಲ್ಲವನು ವಿಲಿಯಂ ಪರ್ಕಿನ್. 1856ರಲ್ಲಿ, 18 ವರ್ಷದ ಈ ಹುಡುಗ ಮನೆಯ ಪ್ರಯೋಗಾಲಯದಲ್ಲಿ ಮಲೇರಿಯಾದ ಮದ್ದಾದ ಕ್ವಿನೈನ್ ಮಾಡಲು ಹೋಗಿ ಕಪ್ಪು ಮಸಿಯಂಥದ್ದನ್ನು ಪಡೆದ. ಅದನ್ನು ಚೆಲ್ಲದೆ, ಆಲ್ಕೋಹಾಲಿನಲ್ಲಿ ಕರಗಿಸಿ ನೋಡಿದಾಗ ಹೊಮ್ಮಿದ ನೇರಳೆಯೇ ಮಾವ್ ಎಂಬ ಕೃತಕ ಬಣ್ಣವಾಯಿತು.

ಪೆಟ್ಟಿಗೆಗಳೂ ಹಿಂದೆ ಬಿದ್ದಿರಲಿಲ್ಲ. ಅಮೆರಿಕದ ಗಿಲ್ಬರ್ಟ್ ಸಂಸ್ಥೆ 1950ರ ಸುಮಾರಿಗೆ ಮಕ್ಕಳಿಗಾಗಿ ಮಾರಿದ ಪರಮಾಣು ಪೆಟ್ಟಿಗೆಯಲ್ಲಿ ಯುರೇನಿಯಂ ಅದಿರಿನ ಚೂರುಗಳೂ ವಿಕಿರಣವನ್ನು ಅಳೆಯುವ ಗೈಗರ್ ಕೌಂಟರ್ ಕೂಡ ಇದ್ದವು. ನನ್ನ ಪೆಟ್ಟಿಗೆಯಲ್ಲಿದ್ದದ್ದು ಗಂಧಕ ಮತ್ತು ಕಬ್ಬಿಣದ ಪುಡಿ ಮಾತ್ರ. ಅವೆರಡನ್ನೂ ಕಾಯಿಸಿ, ಬಂದ ಸಲ್ಫೈಡಿಗೆ ಆಮ್ಲ ಬಿಟ್ಟು, ಕೊಳೆತ ಮೊಟ್ಟೆಯ ನಾತದಿಂದ ಇಡೀ ಮನೆಯನ್ನು ಖಾಲಿ ಮಾಡಿಸಿದೆ. ಆ ಅನಿಲ ವಿಷವೆಂಬುದು ಬಹಳ ತಡವಾಗಿ ತಿಳಿಯಿತು.

ಹಳೆಯ ಪ್ರನಾಳ:

ಎಲ್ಲರಿಗೂ ವಂದನೆಗಳು. ಅಪ್ಪನ ಅಂಗಿಯ ತೋಳಿನ ಮೇಲಾದ ಕಂದು ಕಲೆ ಎಷ್ಟು ಒಗೆದರೂ ಹೋಗಲೇ ಇಲ್ಲ. ಅದೂ ಮ್ಯಾಂಗನೀಸ್ ಡೈಆಕ್ಸೈಡೇ ಇರಬಹುದೇ?

ಲಿಟ್ಮಸ್ ಕಾಗದ:

ಬಹುಶಃ ಅದೇ. ಸಾಬೂನಿಗೆ ಅದು ಜಗ್ಗುವುದಿಲ್ಲ. ಆಸ್ಕಾರ್ಬಿಕ್ ಆಮ್ಲ, ಅಂದರೆ ವಿಟಮಿನ್ ಸಿ ಮಾತ್ರೆಯನ್ನು ನೀರಿನಲ್ಲಿ ಕರಗಿಸಿ ಸವರಿದರೆ ಅದು ಮ್ಯಾಂಗನೀಸನ್ನು ನೀರಿನಲ್ಲಿ ಕರಗುವ, ಬಹುತೇಕ ಬಣ್ಣವಿಲ್ಲದ ರೂಪಕ್ಕೆ ಇಳಿಸುತ್ತದೆ. ಕಲೆ ಕಣ್ಣೆದುರಿನಲ್ಲೇ ಮಾಯವಾಗುತ್ತದೆ.

ಹಳೆಯ ಪ್ರನಾಳ:

ಮೂವತ್ತು ವರ್ಷ ಮೊದಲೇ ತಾವು ಇದನ್ನು ತಿಳಿಸಿದ್ದರೆ ನನಗೆ ಎರಡು ಏಟು ತಪ್ಪುತ್ತಿದ್ದವು.